ಪರ್ಣಶಾಲೆಗಳ ಹಬ್ಬವೂ ಅದರ ಆಚಾರಗಳೂ



ಕಳೆದ ಸುಗ್ಗಿಕಾಣಿಕೆಯ ಆರಾಧನೆಯು ಮುಗಿದು ಜನರು ಮನೆಗಳಿಗೆ ಹೊರಟಿರಲು, ನಮ್ಮ ಸಭೆಯ ವೃದ್ಧ ತಾಯಿಯೊಬ್ಬರು ಹಿಂದೆ ನಿಂತು ನಮ್ಮನ್ನು ಕರೆದು, “ಉಪದೇಶಿಗಳೇ, ಹೊಲ ಉಳ್ಳವರು ತೆನೆ ತಂದರು, ಕಾಯಿ ತಂದರು, ಕೋಳಿ ತಂದರು. ನಾನು ಕಂಡವರ ಹೊಲ ಕೊಯ್ದು ಕೂಲಿ ತಿನ್ನುವವಳು. ಸುಗ್ಗಿಯ ಹಬ್ಬ ನನ್ನದು ಹೇಗಾದೀತು?” ಎಂದು ಕೇಳಿದರು. ಆಗ ನಾವು ಏನೋ ಒಂದು ಉತ್ತರವನ್ನು ಹೇಳಿ ಕಳುಹಿಸಿದೆವು. ಆ ಉತ್ತರವು ಅವರಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ. ಮನೆಗೆ ಬಂದು ಸತ್ಯವೇದವನ್ನು ತೆರೆದು, ಸುಗ್ಗಿಯ ಹಬ್ಬವು ಮೊದಲು ಯಾರಿಗೆ ನೇಮಿಸಲ್ಪಟ್ಟಿತೋ ಆ ಇಸ್ರಾಯೇಲ್ಯರು ಅದನ್ನು ಹೇಗೆ ಆಚರಿಸಿದರೆಂದು ಹುಡುಕಿದೆವು. ಹುಡುಕಿದ್ದರಲ್ಲಿ ಸಿಕ್ಕಿದ್ದನ್ನು ಈ ಪಾಠದಲ್ಲಿ ಬರೆಯುತ್ತೇವೆ.

ಇಸ್ರಾಯೇಲ್ಯರ ಗಂಡಸರು ವರುಷಕ್ಕೆ ಮೂರಾವರ್ತಿ ಯೆಹೋವನ ಸನ್ನಿಧಿಗೆ ಬರಬೇಕೆಂಬ ವಿಧಿ ಇತ್ತು. ಈ ಮೂರು ಹಬ್ಬಗಳಿಗೂ ಬೆಳೆಗೂ ಸಂಬಂಧವುಂಟು. ಪಸ್ಕದ ಕಾಲದಲ್ಲಿ ಜವೆಗೋಧಿಯ ಮೊದಲ ಸಿವುಡು. ಅದಕ್ಕೆ ಏಳು ವಾರಗಳ ಮೇಲೆ ವಾರಗಳ ಹಬ್ಬದಲ್ಲಿ ಗೋಧಿಯ ಪ್ರಥಮಫಲ. ವರುಷದ ಕೊನೆಯಲ್ಲಿ, ಕಣದ ಕೆಲಸವೂ ದ್ರಾಕ್ಷೆಯ ಆಲೆಯ ಕೆಲಸವೂ ತೀರಿದಾಗ, ಮೂರನೆಯ ಹಬ್ಬ. ಇದನ್ನು ವಿಮೋಚನಕಾಂಡದಲ್ಲಿ ಬೆಳೆಯನ್ನು ಕೂಡಿಸುವ ಹಬ್ಬವೆಂದೂ, ಯಾಜಕಕಾಂಡದಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ಪರ್ಣಶಾಲೆಗಳ ಹಬ್ಬವೆಂದೂ ಕರೆದದೆ. ಇಬ್ರಿಯ ಮಾತಿನಲ್ಲಿ ಇದಕ್ಕೆ ಸುಕ್ಕೋತ್ ಎಂದು ಹೆಸರು. ಗುಡಿಸಲುಗಳು ಎಂದು ಅದರ ಅರ್ಥ. ಯೆಹೂದ್ಯರ ಶಾಸ್ತ್ರಿಗಳಾದರೋ ಯಾವ ವಿಶೇಷಣವನ್ನೂ ಸೇರಿಸದೆ ಇದನ್ನು ಬರೇ ‘ಹಬ್ಬ’ ಎಂದೇ ಕರೆದರು. ಹಬ್ಬ ಎಂದರೆ ಇದೇ ಎಂಬಷ್ಟು ಪ್ರಸಿದ್ಧಿ ಇದಕ್ಕಿತ್ತು.

ಈ ಹಬ್ಬವು ತಿಶ್ರಿ ಎಂಬ ಏಳನೆಯ ತಿಂಗಳಿನ ೧೫ನೆಯ ದಿನದಲ್ಲಿ ಆರಂಭವಾಗಿ ಏಳು ದಿನಗಳ ವರೆಗೆ ನಡೆಯುವದು. ಎಂಟನೆಯ ದಿನವು ಬೇರೆ ಒಂದು ಪರಿಶುದ್ಧ ಕೂಟದ ದಿನ. ಯೆಹೂದ್ಯರ ತಿಂಗಳುಗಳು ನಮ್ಮ ದೇಶದ ತಿಂಗಳುಗಳ ಹಾಗೆ ಚಂದ್ರನನ್ನು ಅನುಸರಿಸುವವಾದುದರಿಂದ ೧೫ನೆಯ ದಿನವು ಹುಣ್ಣಿಮೆಯಾಗಿರುವದು. ಭಾದ್ರಪದದ ಇಲ್ಲವೆ ಆಶ್ವಯುಜದ ಹುಣ್ಣಿಮೆಯ ಬೆಳದಿಂಗಳನ್ನು ನೋಡುವಾಗ, ಯೆಹೂದ್ಯರು ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲಾ ಗುಡಿಸಲು ಹಾಕಿಕೊಂಡು ಕೂತಿದ್ದಾರೆಂದು ನಾವು ನೆನಸಿಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಒಕ್ಕಲಿಗರಾದ ನಮ್ಮ ಓದುವವರಿಗೆ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಕಾನಾನ್ ದೇಶದ ಮಳೆಯು ನಮ್ಮ ಮಳೆಯ ಹಾಗಲ್ಲ. ನಮ್ಮಲ್ಲಿ ಬೇಸಗೆ ಕಳೆದ ಕೂಡಲೆ ಮುಂಗಾರು ಬರುವದು. ಅಲ್ಲಿ ಬೇಸಗೆಯ ಐದು ತಿಂಗಳು ಹೆಚ್ಚುಕಡಿಮೆ ಒಂದು ಹನಿಯೂ ಬೀಳದು. ಮಳೆಯೂ ಚಳಿಯೂ ಜೊತೆಯಾಗಿ ಬರುವವು. ಅಕ್ಟೋಬರ್ ನವೆಂಬರ್ ತಿಂಗಳಲ್ಲಿ ಮೊದಲ ಮಳೆ ಬಿದ್ದು ಬಿರುಸಾದ ನೆಲವು ಮೆತ್ತಗಾದ ಮೇಲೆ ಉತ್ತು ಬಿತ್ತುವರು; ವಸಂತದಲ್ಲಿ ಕೊಯ್ಯುವರು; ಬೇಸಗೆಯಲ್ಲಿ ದ್ರಾಕ್ಷೆ, ಅಂಜೂರ, ದಾಳಿಂಬೆ, ಖರ್ಜೂರಗಳು ಹಣ್ಣಾಗುವವು; ಕೊನೆಗೆ ಎಣ್ಣೇಮರದ ಕಾಯಿ. ಹೀಗಿರುವದರಿಂದ ಪರ್ಣಶಾಲೆಗಳ ಹಬ್ಬದ ದಿನದಲ್ಲಿ ಇಸ್ರಾಯೇಲ್ಯನ ಕಣಜವು ತುಂಬಿರುತ್ತಿತ್ತು, ಅವನ ಬಾವಿಯ ನೀರಾದರೋ ತಳಕ್ಕೆ ಇಳಿದಿರುತ್ತಿತ್ತು. ಒಂದು ಕಣ್ಣು ಕಣಜದ ಮೇಲೆ, ಇನ್ನೊಂದು ಕಣ್ಣು ಆಕಾಶದ ಮೇಲೆ. ಸಂತೋಷವೂ ಭಯವೂ ಕೂಡಿದ ಕಾಲವದು.

ಕಣಜ ತುಂಬಿದ ಆ ಕಾಲದಲ್ಲಿಯೇ ಮನೆಯನ್ನು ಬಿಟ್ಟು ಗುಡಿಸಲಲ್ಲಿ ವಾಸಿಸಬೇಕೆಂದು ಆಜ್ಞೆಯಾಯಿತು. ಯಾಕಂದರೆ ಐಗುಪ್ತದಿಂದ ಹೊರಟ ಪಿತೃಗಳು ಅರಣ್ಯದಲ್ಲಿ ಗುಡಿಸಲುಗಳಲ್ಲಿ ಇದ್ದರೆಂಬದು ಸಂತತಿಯವರಿಗೆ ತಿಳಿದಿರಬೇಕಾಗಿತ್ತು. ಕಲ್ಲಿನ ಮನೆ ಕಟ್ಟಿದವನು, ಎರಡು ಅಂತಸ್ತಿನವನು, ಸ್ವಂತ ಮನೆಯೇ ಇಲ್ಲದ ಕೂಲಿಯವನು, ಎಲ್ಲರೂ ಏಳು ದಿನ ಸೊಪ್ಪಿನ ಕೆಳಗೆ ಇರಬೇಕು. ಗುಡಿಸಲಿನ ವಿಷಯದಲ್ಲಿ ಶಾಸ್ತ್ರಿಗಳು ಮಾಡಿದ ನಿಯಮಗಳು ಮಿಷ್ನಾ ಎಂಬ ಗ್ರಂಥದಲ್ಲಿ ಅವೆ. ಅದು ಸುಮಾರು ಕ್ರಿ. ಶ. ೨೦೦ರಲ್ಲಿ ಕೂಡಿಸಲ್ಪಟ್ಟಿತು. ನಾವು ಸೆಮಿನರಿಯಲ್ಲಿ ಇದ್ದಾಗ ಇಂಥ ನಿಯಮಗಳನ್ನು ಓದಿ, ಇವೆಲ್ಲಾ ಒಣ ಆಚಾರವೆಂದು ನಕ್ಕದ್ದುಂಟು. ಆ ನಗೆಯು ಅಜ್ಞಾನದ್ದೆಂದು ಈಗ ಒಪ್ಪಿಕೊಳ್ಳುತ್ತೇವೆ. ಹೇಗಂದರೆ, ಗುಡಿಸಲು ೨೦ ಮೊಳಕ್ಕಿಂತ ಎತ್ತರವಾಗಿರಬಾರದು, ಹತ್ತು ಹಿಡಿಗಿಂತ ತಗ್ಗಾಗಿರಬಾರದು ಎಂದು ಅಲ್ಲಿ ಹೇಳಿದೆ. ಎತ್ತರವು ಯಾಕೆ ಕೂಡದೆಂದರೆ, ಮೇಲಿನ ಸೊಪ್ಪಿನ ಹೊದಿಕೆಗೆ ಕಣ್ಣು ತಲುಪದೆ, ತಾನು ಗುಡಿಸಲಲ್ಲಿ ಇದ್ದೇನೆಂಬ ನೆನಪೇ ಮನುಷ್ಯನಿಗೆ ಆಗದೆಂದು ಒಬ್ಬ ಗುರುವು ಕಾರಣ ಕೊಟ್ಟಿದ್ದಾನೆ. ಐಶ್ವರ್ಯವಂತನು ಗುಡಿಸಲನ್ನೂ ಅರಮನೆಯಾಗಿ ಮಾಡಿಕೊಂಡಾನೆಂದು ಆ ಗುರುಗಳಿಗೆ ಗೊತ್ತಿತ್ತೋ ಏನೋ.

ಹೊದಿಕೆಯು ನೆಲದಲ್ಲಿ ಬೆಳೆದದ್ದಾಗಿರಬೇಕು, ಬೇರಿನಿಂದ ಕಡಿದದ್ದಾಗಿರಬೇಕು. ನಿಂತಿರುವ ಮರದ ಕೆಳಗೆ ಕಟ್ಟಿದರೆ ಅದು ಮನೆಯೊಳಗೆ ಕಟ್ಟಿದ ಹಾಗೆಯೇ, ಸಲ್ಲದು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಾಗಿರಬೇಕು. ಆದರೂ ರಾತ್ರಿಯಲ್ಲಿ ಸೊಪ್ಪಿನ ಸಂದುಗಳಿಂದ ನಕ್ಷತ್ರಗಳು ಕಾಣಿಸುವ ಹಾಗೆ ಹೊದಿಸುವದು ವಾಡಿಕೆ. ಊಟವೂ ನಿದ್ರೆಯೂ ಅಲ್ಲಿಯೇ. ಮಳೆ ಬಂದು ಅಂಬಲಿಯು ಕೆಡುವಷ್ಟಾದರೆ ಮಾತ್ರ ಮನೆಗೆ ಹೋಗಬಹುದು. ಹಾಗೆ ಮಳೆ ಬಂದರೆ ಅದು, ಸೇವಕನು ಪಾತ್ರೆಯಲ್ಲಿ ಪಾನವನ್ನು ತಂದಾಗ ಯಜಮಾನನು ತಂಬಿಗೆಯನ್ನೇ ಅವನ ಮುಖಕ್ಕೆ ಸುರಿದಂತೆ ಎಂದು ಮಿಷ್ನಾದಲ್ಲಿ ಸಾಮ್ಯವನ್ನು ಹೇಳಿದೆ. ಜೋಳದ ಹೊಲದಲ್ಲಿ ಕಾವಲಿನ ಗುಡಿಸಲು ಹಾಕಿ ರಾತ್ರಿ ಕಳೆದ ನಮ್ಮ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಾಬೆಲಿನ ಸೆರೆಯಿಂದ ಹಿಂತಿರುಗಿ ಬಂದವರು ಎಜ್ರನಿಂದ ಧರ್ಮಶಾಸ್ತ್ರವನ್ನು ಕೇಳಿ ಈ ಹಬ್ಬವನ್ನು ಮಾಡಿದ್ದು ನೆಹೆಮೀಯನ ಗ್ರಂಥದ ೮ನೆಯ ಅಧ್ಯಾಯದಲ್ಲಿದೆ. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಗುಡ್ಡಕ್ಕೆ ಹೋಗಿ ಸೊಪ್ಪು ತಂದು ಮಾಳಿಗೆಗಳ ಮೇಲೆ, ಅಂಗಳಗಳಲ್ಲಿ, ದೇವಾಲಯದ ಪ್ರಾಕಾರಗಳಲ್ಲಿ, ನೀರುಬಾಗಲಿನ ಬೈಲಿನಲ್ಲಿ, ಎಫ್ರಾಯೀಮ್ ಬಾಗಲಿನ ಬೈಲಿನಲ್ಲಿ ಗುಡಿಸಲು ಹಾಕಿದರು. ನೂನನ ಮಗನಾದ ಯೆಹೋಶುವನ ಕಾಲದಿಂದ ಅಂಥ ಹಬ್ಬವು ನಡೆದಿರಲಿಲ್ಲವೆಂದು ಅಲ್ಲಿ ಬರೆದದೆ. ಮೊದಲು ಶಾಸ್ತ್ರವನ್ನು ಕೇಳಿ ಅತ್ತ ಜನರು ಅವರೇ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಧರ್ಮೋಪದೇಶಕಾಂಡದ ೧೬ನೆಯ ಅಧ್ಯಾಯದಲ್ಲಿ ಈ ಹಬ್ಬದಲ್ಲಿ ಸಂತೋಷಪಡಬೇಕಾದವರ ಪಟ್ಟಿ ಉಂಟು. ಹೊಲದ ಯಜಮಾನನು, ಅವನ ಮಗನು, ಮಗಳು, ದಾಸನು, ದಾಸಿಯು, ಊರಲ್ಲಿರುವ ಲೇವಿಯನು, ಪರದೇಶಿಯು, ತಾಯಿತಂದೆ ಇಲ್ಲದವನು, ವಿಧವೆಯು. ಈ ಪಟ್ಟಿಯನ್ನು ನಾವು ಎಷ್ಟೋ ಸಾರಿ ಓದಿ ದಾಟಿಹೋಗಿದ್ದೇವೆ. ಈ ಸಾರಿ ಬೆರಳಿಟ್ಟು ಎಣಿಸಿದೆವು. ಇವರಲ್ಲಿ ಹೊಲ ಉಳ್ಳವರು ಎಷ್ಟು ಮಂದಿ? ದಾಸನಿಗೂ ದಾಸಿಗೂ ಭೂಮಿ ಇಲ್ಲ. ಲೇವಿಯನಿಗೆ ದೇಶದಲ್ಲಿ ಸ್ವಾಸ್ಥ್ಯದ ಪಾಲೇ ಇಲ್ಲವೆಂದು ನೇಮಕವಾಗಿತ್ತು. ಪರದೇಶಿ, ಅನಾಥ, ವಿಧವೆ, ಇವರು ಕಂಡವರ ಹೊಲದಲ್ಲಿ ಹಕ್ಕಲಾಯುವವರು. ಸುಗ್ಗಿಯ ಹಬ್ಬಕ್ಕೆ ಹೆಸರು ಹಿಡಿದು ಕರೆಯಲ್ಪಟ್ಟವರಲ್ಲಿ ಹೆಚ್ಚಿನವರು ಬೆಳೆ ಇಲ್ಲದವರೇ. ಆಜ್ಞೆಯ ಭಾರವು ಇರುವದು ಯಜಮಾನನ ಮೇಲೆ. ಇವರನ್ನು ಬಿಟ್ಟು ಅವನೊಬ್ಬನು ತನ್ನ ಮನೆಯವರ ಸಂಗಡ ತಿಂದು ಕುಡಿದರೆ ಅದು ಆಜ್ಞಾಪಿಸಲ್ಪಟ್ಟ ಹಬ್ಬವಾಗದು. ಅದೇ ಅಧ್ಯಾಯದ ಕೊನೆಯಲ್ಲಿ, ಬರಿಗೈಯಲ್ಲಿ ಬರಬಾರದೆಂದೂ, ದೇವರು ಅನುಗ್ರಹಿಸಿದ ಮೇರೆಗೆ ಒಬ್ಬೊಬ್ಬನು ತರಬೇಕೆಂದೂ ಹೇಳಿದೆ. ಕುಂಬಳಕಾಯಿ ಸಿಕ್ಕಿದವನಿಗೆ ಕುಂಬಳಕಾಯಿ, ಕೂಲಿ ಸಿಕ್ಕಿದವಳಿಗೆ ಅದರಲ್ಲಿ ಒಂದು ಹಿಡಿ. ಆದರೆ ಆರಾಧನೆ ಮುಗಿದ ಮೇಲೆ ಆ ಹೊಲದವರಲ್ಲಿ ಎಷ್ಟು ಮಂದಿ ಆ ತಾಯಿಯನ್ನು ಊಟಕ್ಕೆ ಕರೆದರು? ನಾವೂ ಕರೆಯಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇವೆ.

ಗುಡಿಸಲಿನ ತರುವಾಯ ನಾಲ್ಕು ಬಗೆಯ ಗಿಡಮರಗಳ ಆಚಾರ. ಯಾಜಕಕಾಂಡದ ೨೩ನೆಯ ಅಧ್ಯಾಯದಲ್ಲಿ ಅಂದವಾದ ಮರದ ಹಣ್ಣು, ಖರ್ಜೂರದ ಗರಿ, ಗುಜ್ಜಾಗಿ ಬೆಳೆದ ಮರದ ಕೊಂಬೆ, ನೀರವಂಜಿ ಇವುಗಳನ್ನು ಹಿಡಿದು ಸಂತೋಷಪಡಬೇಕೆಂದಿದೆ. ಅಂದವಾದ ಮರದ ಹಣ್ಣೆಂದರೆ ಮಾದಲಹಣ್ಣೆಂದೂ, ಗುಜ್ಜಾದ ಕೊಂಬೆಯೆಂದರೆ ಹದಸ್ ಎಂಬ ಸುಗಂಧದ ಗಿಡವೆಂದೂ ಯೆಹೂದ್ಯರು ಪೂರ್ವದಿಂದ ತಿಳಿದುಕೊಂಡು ಬಂದಿದ್ದಾರೆ. ಎಸ್ತೇರಳಿಗೆ ಹದಸ್ಸಾ ಎಂಬ ಇನ್ನೊಂದು ಹೆಸರಿತ್ತಲ್ಲವೇ, ಅದು ಈ ಗಿಡದ ಹೆಸರೇ. ಇನ್ನೂ ಬಿಚ್ಚದ ಖರ್ಜೂರದ ಸುಳಿಗರಿ ಒಂದು, ಹದಸಿನ ಕೊಂಬೆ ಮೂರು, ನೀರವಂಜಿಯ ಕೊಂಬೆ ಎರಡು, ಇವನ್ನು ಕಟ್ಟಾಗಿ ಬಲಗೈಯಲ್ಲಿಯೂ ಮಾದಲಹಣ್ಣನ್ನು ಎಡಗೈಯಲ್ಲಿಯೂ ಹಿಡಿದು, ನಾಲ್ಕು ದಿಕ್ಕುಗಳಿಗೂ ಮೇಲಕ್ಕೂ ಕೆಳಕ್ಕೂ ಆಡಿಸುವರು. ಸಬ್ಬತ್ ದಿನದಲ್ಲಿ ಮಾತ್ರ ಆಡಿಸುವದಿಲ್ಲ. ಹಣ್ಣಿನ ಮೇಲೆ ಮಚ್ಚೆ ಇದೆಯೋ, ತೊಟ್ಟು ಮುರಿದಿದೆಯೋ ಎಂದು ಕೊಳ್ಳುವವರು ಬಹಳ ಹೊತ್ತು ತಿರುಗಿಸಿ ನೋಡುವರು. ಮದುವೆಗೆ ಎತ್ತು ಕೊಳ್ಳುವವನೂ ಅಷ್ಟು ನೋಡಲಿಕ್ಕಿಲ್ಲ.

ಈ ನಾಲ್ಕರ ವಿಷಯದಲ್ಲಿ ಅವರ ಗುರುಗಳು ಹೇಳಿದ ಒಂದು ಸಾಮ್ಯವು ನಮಗೆ ಬಹಳ ಹಿಡಿಸಿತು. ಮಾದಲಕ್ಕೆ ರುಚಿಯೂ ಉಂಟು, ಪರಿಮಳವೂ ಉಂಟು. ಖರ್ಜೂರದ ಹಣ್ಣಿಗೆ ರುಚಿಯುಂಟು, ಪರಿಮಳವಿಲ್ಲ. ಹದಸಿಗೆ ಪರಿಮಳವುಂಟು, ರುಚಿಯಿಲ್ಲ. ನೀರವಂಜಿಗೆ ಎರಡೂ ಇಲ್ಲ. ಇಸ್ರಾಯೇಲ್ಯರಲ್ಲಿಯೂ ಹಾಗೆಯೇ, ಶಾಸ್ತ್ರಜ್ಞಾನವೂ ಸತ್ಕ್ರಿಯೆಯೂ ಉಳ್ಳವರು ಕೆಲವರು, ಜ್ಞಾನ ಮಾತ್ರ ಉಳ್ಳವರು ಕೆಲವರು, ಸತ್ಕ್ರಿಯೆ ಮಾತ್ರ ಉಳ್ಳವರು ಕೆಲವರು, ಎರಡೂ ಇಲ್ಲದವರು ಕೆಲವರು. ಇವರನ್ನು ಏನು ಮಾಡುವದು? ಎಲ್ಲರನ್ನೂ ಒಂದೇ ಕಟ್ಟಾಗಿ ಕಟ್ಟಬೇಕು, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವರು ಎಂಬದು ಅದರ ತಾತ್ಪರ್ಯ. ನಾಲ್ಕರಲ್ಲಿ ಒಂದು ತಪ್ಪಿದರೂ ವಿಧಿಯು ತೀರದು. ನೀರವಂಜಿಯು ಇಲ್ಲದೆ ಮಾದಲವು ಸಲ್ಲದು! ಅಕ್ಷರ ಬಲ್ಲವರು ಮುಂದೆಯೂ ಬಾರದವರು ಬಾಗಲ ಬಳಿಯಲ್ಲಿಯೂ ಕೂಡ್ರುವ ಸಭೆಗಳನ್ನು ನಾವು ಕಂಡಿದ್ದೇವೆ.

ದೇವಾಲಯವು ಇದ್ದ ಕಾಲದಲ್ಲಿ ಯೆರೂಸಲೇಮಿನಲ್ಲಿ ನಡೆಯುತ್ತಿದ್ದ ನೀರಿನ ಆಚಾರವು ಮೋಶೆಯ ಗ್ರಂಥಗಳಲ್ಲಿ ಬರೆದಿಲ್ಲ. ಮಿಷ್ನಾದಿಂದ ಅದು ತಿಳಿಯುತ್ತದೆ. ಪ್ರತಿದಿನ ಸಿಲೊವಾ ಕೊಳದಿಂದ ಬಂಗಾರದ ತಂಬಿಗೆಯಲ್ಲಿ ನೀರು ತುಂಬಿಕೊಂಡು, ತುತೂರಿ ಊದಿಸುತ್ತಾ ನೀರುಬಾಗಲಿನಿಂದ ಒಳಗೆ ತರುವರು. ಯಾಜಕನು ಯಜ್ಞವೇದಿಯನ್ನೇರಿ ಆ ನೀರನ್ನೂ ದ್ರಾಕ್ಷಾರಸವನ್ನೂ ಎರಡು ಬಟ್ಟಲುಗಳಲ್ಲಿ ಸುರಿಯುವನು. ಬೇಸಗೆಯ ಕೊನೆಯಲ್ಲಿ, ನೀರಿಗೆ ಬೆಲೆ ಇರುವ ದಿನಗಳಲ್ಲಿ, ಇದು ಮಳೆಯ ಬೇಡಿಕೆಯಾಗಿತ್ತು. ಆ ಕೊಳದ ಕಲ್ಲುಮೆಟ್ಟಲುಗಳು ೨೦೦೪ರಲ್ಲಿ ಯೆರೂಸಲೇಮಿನಲ್ಲಿ ಮೋರಿಯ ಕೊಳವೆಯ ಕೆಲಸ ನಡೆಯುತ್ತಿದ್ದಾಗ ಮಣ್ಣಿನೊಳಗಿಂದ ಹೊರಬಿದ್ದವು. ಹುಟ್ಟುಕುರುಡನು ಕಣ್ಣು ತೊಳೆದುಕೊಂಡ ಕೊಳವೂ ಸಿಲೊವಾ ಎಂಬದನ್ನು ಯೋಹಾನನ ಸುವಾರ್ತೆಯಲ್ಲಿ ಓದಿರುವಿರಷ್ಟೇ.

ರಾತ್ರಿಯಲ್ಲಿ ಸ್ತ್ರೀಯರ ಪ್ರಾಕಾರದಲ್ಲಿ ದೊಡ್ಡ ಬಂಗಾರದ ದೀಪಸ್ತಂಭಗಳನ್ನು ಹಚ್ಚುತ್ತಿದ್ದರು. ಎಳೆಯ ಯಾಜಕರು ಏಣಿ ಹತ್ತಿ ಎಣ್ಣೆ ಹೊಯ್ಯುವರು. ಬತ್ತಿ ಯಾವುದರದೆಂದು ಕೇಳಿರಿ: ಯಾಜಕರ ಹಳೆಯ ಇಜಾರಗಳನ್ನೂ ನಡುಕಟ್ಟುಗಳನ್ನೂ ಸೀಳಿ ಮಾಡಿದ್ದು. ಆ ಬೆಳಕು ಮುಟ್ಟದ ಅಂಗಳವು ಯೆರೂಸಲೇಮಿನಲ್ಲಿ ಇರಲಿಲ್ಲವಂತೆ. ಹೆಂಗಸೊಬ್ಬಳು ಅದರ ಬೆಳಕಿನಲ್ಲಿ ಗೋಧಿಯನ್ನು ಆರಿಸಬಹುದಾಗಿತ್ತಂತೆ. ಲೇವಿಯರು ಹದಿನೈದು ಮೆಟ್ಟಲುಗಳ ಮೇಲೆ ನಿಂತು ವೀಣೆ ತಾಳಗಳಿಂದ ಹಾಡುತ್ತಿರಲು, ದೊಡ್ಡ ದೊಡ್ಡ ಭಕ್ತರು ಪಂಜುಗಳನ್ನು ಹಿಡಿದು ಕುಣಿಯುತ್ತಿದ್ದರು. ಭಕ್ತಿ ಎಂದರೆ ಮುಖವನ್ನು ಬಾಡಿಸಿಕೊಂಡಿರುವದು ಎಂದು ಎಣಿಸುವವರು ಇದನ್ನು ಗಮನಿಸಲಿ. ಯೋಹಾನನ ೭ನೆಯ ಅಧ್ಯಾಯದಲ್ಲಿ ಕರ್ತನು ಹಬ್ಬದ ಮಹಾದಿನದಲ್ಲಿ ನಿಂತು, ಬಾಯಾರಿದವರು ತನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿದ್ದು ಈ ಹಬ್ಬದಲ್ಲಿಯೇ. ಮುಂದಿನ ಅಧ್ಯಾಯದಲ್ಲಿ ತಾನು ಲೋಕಕ್ಕೆ ಬೆಳಕೆಂದು ಹೇಳಿದ್ದೂ ಅದರ ಬೆನ್ನಿಗೇ ಬರುವದು. ಏಳು ದಿನ ನೀರು ಹೊಯ್ಯುವದನ್ನು ನೋಡಿದವರ ಕಿವಿಗೆ, ಅಂಗಳವೆಲ್ಲಾ ಬೆಳಗುವದನ್ನು ಕಂಡವರ ಕಿವಿಗೆ, ಆ ಮಾತುಗಳು ಹೇಗೆ ಬಿದ್ದಿದ್ದಾವು!

ಹಬ್ಬವು ಯಾವಾಗಲೂ ಸಮಾಧಾನವಾಗಿಯೇ ನಡೆಯಿತೆಂದು ತಿಳಿಯಬೇಡಿರಿ. ಕ್ರಿ. ಪೂ. ೧೦೩ರಿಂದ ೭೬ರ ವರೆಗೆ ಆಳಿದ ಅಲೆಕ್ಸಾಂದ್ರ ಯನ್ನಾಯನು ಅರಸನೂ ಮಹಾಯಾಜಕನೂ ಆಗಿದ್ದನು. ಅವನನ್ನು ಸಹಿಸದ ಜನರು ಈ ಹಬ್ಬದಲ್ಲಿ ಅವನು ಯಜ್ಞವೇದಿಯ ಬಳಿಯಲ್ಲಿ ನಿಂತಿರಲು, ಕೈಯಲ್ಲಿದ್ದ ಮಾದಲಹಣ್ಣುಗಳಿಂದಲೇ ಅವನನ್ನು ಹೊಡೆದರು. ಅವನು ಸಿಟ್ಟಾಗಿ ಸುಮಾರು ೬,೦೦೦ ಮಂದಿಯನ್ನು ಕೊಲ್ಲಿಸಿದನೆಂದು ಯೊಸೇಫನೆಂಬ ಚರಿತ್ರಕಾರನು ಬರೆದಿದ್ದಾನೆ.

ಕ್ರಿ. ಶ. ೭೦ರಲ್ಲಿ ರೋಮಾಯರು ದೇವಾಲಯವನ್ನು ಸುಟ್ಟುಬಿಟ್ಟರು. ನೀರು ಹೊಯ್ಯುವ ಯಜ್ಞವೇದಿಯೂ ಇಲ್ಲ, ದೀಪಸ್ತಂಭವೂ ಇಲ್ಲ. ಆಗ ಯೋಹಾನಾನ್ ಬೆನ್ ಜಕ್ಕಾಯನೆಂಬ ಗುರುವು, ಮೊದಲು ದೇವಾಲಯದಲ್ಲಿ ಮಾತ್ರ ಏಳು ದಿನವೂ ಹಿಡಿಯುತ್ತಿದ್ದ ಗರಿಯ ಕಟ್ಟನ್ನು ಇನ್ನು ಎಲ್ಲಾ ಊರುಗಳಲ್ಲಿಯೂ ಏಳು ದಿನ ಹಿಡಿಯಬೇಕೆಂದು, ದೇವಾಲಯದ ಜ್ಞಾಪಕಕ್ಕಾಗಿ, ನೇಮಿಸಿದನು. ಆಮೇಲೆ ೧೩೨ರಿಂದ ೧೩೫ರ ವರೆಗೆ ಬಾರ್ ಕೊಖ್ಬನೆಂಬವನು ರೋಮಾಯರಿಗೆ ವಿರೋಧವಾಗಿ ಎದ್ದು ಯುದ್ಧಮಾಡಿ ಸೋತನು. ೧೯೬೦–೬೧ರಲ್ಲಿ ಯಿಗಾಯೆಲ್ ಯಾದೀನ್ ಎಂಬ ಪಂಡಿತನು ಲವಣಸಮುದ್ರದ ಬಳಿಯ ಗವಿಯೊಂದನ್ನು ಶೋಧಿಸಿದಾಗ ಅವನ ಪತ್ರಗಳು ಸಿಕ್ಕಿದವು. ಅವುಗಳಲ್ಲಿ ಒಂದು ಪತ್ರವು ಯುದ್ಧದ ಮಾತನ್ನೇ ಆಡುವದಿಲ್ಲ. ಎರಡು ಕತ್ತೆಗಳನ್ನು ಕಳುಹಿಸಿದ್ದೇನೆ, ಗರಿಗಳನ್ನೂ ಮಾದಲಹಣ್ಣುಗಳನ್ನೂ ಹೇರಿ ದಂಡಿಗೆ ಕಳುಹಿಸು, ಹದಸನ್ನೂ ನೀರವಂಜಿಯನ್ನೂ ಬೇರೆ ಆಳುಗಳಿಂದ ತರಿಸು, ದಶಮಾಂಶ ತೆಗೆದದ್ದಾಗಿರಲಿ ಎಂದು ಅದರ ಸಾರಾಂಶ. ಸೋಲು ಹತ್ತಿರವಾಗುತ್ತಿದ್ದ ಜನರು ಹಣ್ಣಿಗೂ ಸೊಪ್ಪಿಗೂ ಕತ್ತೆ ಕಳುಹಿಸಿದರು.

ಇನ್ನೊಂದು ಸಂಗತಿ. ಏಳು ವರುಷಕ್ಕೊಮ್ಮೆ, ಸಾಲಗಳು ಬಿಡಲ್ಪಡುವ ವರುಷದ ಕೊನೆಯಲ್ಲಿ, ಈ ಹಬ್ಬದಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಪರದೇಶಿಗಳು ಎಲ್ಲರೂ ಕೂಡಿರಲು ಧರ್ಮಶಾಸ್ತ್ರವನ್ನು ಓದಿಸಬೇಕೆಂದು ಮೋಶೆಯು ಆಜ್ಞಾಪಿಸಿದನು. ಪರದೇಶಿಯು ಇಲ್ಲಿಯೂ ಕರೆಯಲ್ಪಟ್ಟಿದ್ದಾನೆಂಬದನ್ನು ನೋಡಿರಿ. ಹೆರೋದನ ಮನೆತನದ ಅಗ್ರಿಪ್ಪರಾಜನು ಹೀಗೆ ಓದಿದ್ದನ್ನು ಮಿಷ್ನಾದಲ್ಲಿ ಹೇಳಿದೆ. ಅರಸನು ಕೂತು ಓದಬಹುದಾಗಿದ್ದರೂ ಅವನು ನಿಂತು ಓದಿದನು. ಪರಕುಲದವನನ್ನು ಅರಸನನ್ನಾಗಿ ನೇಮಿಸಬಾರದೆಂಬ ವಚನಕ್ಕೆ ಬಂದಾಗ ಅವನ ಕಣ್ಣಿನಿಂದ ನೀರು ಸುರಿಯಿತು. ಯಾಕಂದರೆ ಅವನ ವಂಶವು ಎದೋಮ್ಯರಿಂದ ಬಂದದ್ದು. ಕೂಡಿದ್ದ ಜನರು ಅದನ್ನು ನೋಡಿ, ಭಯಪಡಬೇಡ, ನೀನು ನಮ್ಮ ಸಹೋದರನೇ ಎಂಬ ಅರ್ಥವಾಗಿ ಕೂಗಿ ಅವನನ್ನು ಸಂತೈಸಿದರಂತೆ. ಹುಟ್ಟಿದ ಕುಲವನ್ನು ಮುಖದ ಮುಂದೆ ಎತ್ತಿ ಆಡಿಸಿಕೊಂಡವರು ನಮ್ಮ ಸಭೆಗಳಲ್ಲಿ ಬಹು ಮಂದಿ ಇದ್ದಾರೆ. ಸಭೆಯೊಳಗೇ ಆಡಿಸಿಕೊಂಡವರೂ ಇದ್ದಾರೆ. ಅವರು ಈ ಕಥೆಯನ್ನು ನಮಗಿಂತ ಚೆನ್ನಾಗಿ ತಿಳಿದುಕೊಳ್ಳುವರು.

ನಾವೂ ಗುಡಿಸಲು ಕಟ್ಟಬೇಕೋ ಎಂದು ಕೆಲವರು ಕೇಳಬಹುದು. ಹಬ್ಬಗಳ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ಎಣಿಸದಿರಲಿ ಎಂಬದಾಗಿ ಪೌಲನು ಕೊಲೊಸ್ಸೆಯವರಿಗೆ ಬರೆದದ್ದು ಸಾಕು. ಕಟ್ಟುವವರನ್ನು ಹಾಸ್ಯಮಾಡುವದು ಮಾತ್ರ ನಮಗೆ ಸಲ್ಲದು. ಯೆಹೂದ್ಯರು ದೂರದವರೆಂದೂ ಎಣಿಸಬೇಡಿರಿ. ಕೊಂಕಣದ ತೀರದಲ್ಲಿ ಬೆನೆ ಇಸ್ರಾಯೇಲರು ಗಾಣದ ಕೆಲಸ ಮಾಡಿಕೊಂಡು ಅನೇಕ ತಲೆಮಾರು ಬಾಳಿದರು. ಸಬ್ಬತ್ ದಿನದಲ್ಲಿ ಗಾಣ ಕಟ್ಟದೆ ಇದ್ದುದರಿಂದ ನೆರೆಯವರು ಅವರನ್ನು ಶನಿವಾರದ ತೇಲಿಗಳೆಂದು ಕರೆದರು. ಕೊಚ್ಚಿಯಲ್ಲಿ ೧೫೬೮ರಲ್ಲಿ ಕಟ್ಟಿದ ಅವರ ಸಭಾಮಂದಿರವು ಈಗಲೂ ನಿಂತದೆ. ಅಲ್ಲಿಯವರಲ್ಲಿ ಬಹುಭಾಗವು ೧೯೪೮ರಲ್ಲಿ ಇಸ್ರಾಯೇಲ್ ರಾಜ್ಯವು ಸ್ಥಾಪಿತವಾದ ತರುವಾಯದ ವರುಷಗಳಲ್ಲಿ ಅಲ್ಲಿಗೆ ಹೋದುದರಿಂದ, ಈಗ ಉಳಿದವರು ಬೆರಳೆಣಿಕೆಯಷ್ಟು.

ಎಂಟನೆಯ ದಿನದಲ್ಲಿ ಮಳೆಯ ಪ್ರಾರ್ಥನೆಯನ್ನು ಹೇಳುವ ವಾಡಿಕೆಯುಂಟು. ಮಳೆಯನ್ನು ಕೊಡುವವನು ದೇವರೇ ಎಂದು ಆ ದಿನದಿಂದ ಸ್ತುತಿಸುವರು. ಆದರೆ ಮಳೆಯನ್ನು ಕೊಡು ಎಂದು ದಿನದಿನವೂ ಬೇಡುವದನ್ನು ಆ ದಿನವೇ ಆರಂಭಿಸಕೂಡದೆಂದು ಗಮಲಿಯೇಲನೆಂಬ ಗುರುವು ಹೇಳಿದನು. ಹಬ್ಬಕ್ಕೆ ಬಾಬೆಲಿನ ಕಡೆಯಿಂದ ಬಂದವರು ಕಾಲ್ನಡೆಯಾಗಿ ಹಿಂತಿರುಗುತ್ತಿರುವರು. ಅವರಲ್ಲಿ ಎಲ್ಲರಿಗಿಂತ ಹಿಂದುಳಿದವನು ಯೂಫ್ರೇಟೀಸ್ ನದಿಯನ್ನು ಮುಟ್ಟಲು ಹದಿನೈದು ದಿನ ಬೇಕು. ಅಷ್ಟರ ವರೆಗೆ ಹೊಲದವರು ತಾಳಬೇಕು. ಬಾವಿ ಬತ್ತಿದ್ದರೂ, ನೇಗಿಲು ಸಿದ್ಧವಾಗಿದ್ದರೂ, ದಾರಿಯಲ್ಲಿ ಇರುವವನು ನೆನೆಯದೆ ಮನೆ ಸೇರಲಿ ಎಂದು ತಾಳಬೇಕು. ದೇವಾಲಯವೂ ಹೋಯಿತು, ಆ ಯಾತ್ರಿಕರೂ ಹೋದರು. ಇಸ್ರಾಯೇಲ್ ದೇಶದಲ್ಲಿರುವ ಯೆಹೂದ್ಯರು ಈಗಲೂ ಮಾರ್ಹೆಶ್ವಾನ್ ತಿಂಗಳಿನ ೭ನೆಯ ದಿನವು ಬರುವ ವರೆಗೆ ಮಳೆಯನ್ನು ಬೇಡುವದಿಲ್ಲ.